ಉಲ್ಟಾ ಇಲ್ಲದ ಅಲೆ

ಕಾಲೇಜಿನಲ್ಲಿ ಅವಳು ಕಂಪ್ಯೂಟರ್ ವಿಭಾಗದ ಮೇಡಂ. ಮನೆಯಲ್ಲಿ ಬಿಚ್ಚಮ್ಮ. ಐವತ್ತು ದಾಟಿದ ಹೆಂಗಸನ್ನು ಹಾಗೆ ಕರೆಯಬಹುದೇ ಎಂದು ಕೇಳಬೇಡಿ. ಅಕ್ಕ ಇಟ್ಟ ಹೆಸರು, ಅಕ್ಕ ಬಿಟ್ಟರೆ ತಾನೆ ಹೋಗುವುದು! ನಾವೂ ಮನೆಯ ಹೆಸರಿನಲ್ಲೇ ಕರೆಯೋಣ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಹೆಣಿಗೆ ಕಲಿಸಲು ಕೂತಿದ್ದಳು. ದೊಡ್ಡವಳು ಕಡ್ಡಿ ಹಿಡಿದದ್ದೇ ತಡ, ಸಾಲಿನ ಮೇಲೆ ಸಾಲು ಎದ್ದು ಬಂತು. ಚಿಕ್ಕವಳಿಗೆ ಹೆಣೆಯುವುದರಲ್ಲಿ ಒಂದಿಷ್ಟೂ ಆಸೆ ಇರಲಿಲ್ಲ, ಅವಳ ಕಣ್ಣೆಲ್ಲ ಬಿಚ್ಚುವುದರ ಮೇಲೆ. ಅಪ್ಪನಿಗೆಂದು ಅಕ್ಕ ಹೆಣೆದ ಹೊಸ ಸ್ವೆಟರಿನ ತೋಳೊಂದನ್ನು ಅವಳು ಕಿಟಕಿಯ ಪಕ್ಕ ಕೂತು ತುದಿಯಿಂದ ಬುಡದವರೆಗೆ ಬಿಚ್ಚಿ ಹಾಕಿದಳು. ಅಮ್ಮ ಬಂದು ನೋಡಿದರೆ ಸ್ವೆಟರಿಗೆ ಒಂದೇ ತೋಳು, ನೆಲದ ಮೇಲೆ ಗುಂಗುರು ನೂಲಿನ ರಾಶಿ, ರಾಶಿಯ ನಡುವೆ ಮಗಳು. ಆವತ್ತು ಅವಳಿಗೆ ಆದ ಮಂಗಳಾರತಿ ಓಣಿಯ ತುದಿಗೂ ಕೇಳಿಸಿತ್ತು. ಅಕ್ಕ ಮಾತ್ರ ಬಯ್ಯಲಿಲ್ಲ. ಎದುರಿಗೆ ಕೂತು, “ಬಿಚ್ಚಿದ್ದಂತೂ ಆಯ್ತು. ನಾನು ಹೇಗೆ ಹೆಣೆದಿದ್ದೆ ಅಂತ ಹೇಳು ನೋಡೋಣ,” ಎಂದಳು. ತಂಗಿ ಕಣ್ಣೊರೆಸಿಕೊಂಡು ಒಂದೊಂದೇ ಸಾಲು ಹೇಳಿದಳು. ಒಂದೂ ತಪ್ಪಲಿಲ್ಲ. ಅಕ್ಕನ ಮುಖ ಊರಗಲವಾಯಿತು. “ಅಮ್ಮಾ, ಇವಳು ಹೆಣೆಯೋಳಲ್ಲಮ್ಮ, ಬಿಚ್ಚಮ್ಮ!” ಎಂದು ಕೂಗಿದಳು. ಅಂಟಿಕೊಂಡಿತು ಹೆಸರು.

ಮುಂದೆ ಅಕ್ಕ ಮನೆಯ ಮುಂದಿನ ಕೋಣೆಯಲ್ಲೇ ಹೆಣಿಗೆಯ ಅಂಗಡಿ ಇಟ್ಟಳು. ತಂಗಿ ಓದಿ, ಕಾಲೇಜು ಸೇರಿ, ಮದುವೆಯ ಮಾತು ಬಂದಾಗಲೆಲ್ಲ ಒಂದಲ್ಲ ಒಂದು ನೆಪ ಹೇಳಿ, ಕೊನೆಗೆ ಅಕ್ಕ-ಭಾವನ ಮನೆಯ ಮಹಡಿಯಲ್ಲೇ ಉಳಿದಳು. ಕೆಳಗೆ ಕಡ್ಡಿಗಳ ಟಕಟಕ, ಮೇಲೆ ಕೀಲಿಮಣೆಯ ಟಕಟಕ. ಬಸ್ ಓಡಿಸಿ ನಿವೃತ್ತನಾದ ಭಾವ ನಡುವಿನ ಮೆಟ್ಟಿಲ ಮೇಲೆ ಪೇಪರ್ ಓದುತ್ತಾ, “ಈ ಮನೇಲಿ ಸದ್ದಿಲ್ಲದೆ ಕೆಲಸ ಮಾಡೋನು ನಾನೊಬ್ಬನೇ,” ಎನ್ನುತ್ತಿದ್ದ. ಅವನು ಮಾಡುತ್ತಿದ್ದ ಕೆಲಸ ಏನು ಎಂದು ಯಾರೂ ಕೇಳಲಿಲ್ಲ, ಪಾಪ.

ಬಿಚ್ಚಮ್ಮನ ಬದುಕು ಬದಲಾದದ್ದು ಒಂದು ಹೊಸ ಬಗೆಯ ಕಂಪ್ಯೂಟರ್ ಭಾಷೆ ಕಣ್ಣಿಗೆ ಬಿದ್ದ ದಿನ. ಸಾಮಾನ್ಯ ಪ್ರೋಗ್ರಾಂ ಒಂದೇ ದಿಕ್ಕಿನಲ್ಲಿ ಓಡುತ್ತದೆ. ಎರಡು ಮತ್ತು ಮೂರು ಕೊಟ್ಟರೆ ಕೂಡಿಸಿ ಐದು ಎನ್ನುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಸಂಬಂಧದ ಭಾಷೆ, ತರ್ಕದ ಭಾಷೆ ಎನ್ನುವ ಈ ಬಗೆಯ ಭಾಷೆಗಳು ಹಾಗಲ್ಲ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ನಿಯಮ ಬರೆದಿಟ್ಟರೆ ಸಾಕು, ಯಾವ ಕಡೆಯಿಂದ ಬೇಕಾದರೂ ಕೇಳಬಹುದು. ಐದನ್ನು ಕೊಟ್ಟು, ಯಾವ ಯಾವ ಸಂಖ್ಯೆ ಕೂಡಿದರೆ ಐದು ಎಂದು ಕೇಳಿ, ಎಲ್ಲ ಜೋಡಿಗಳನ್ನೂ ಒಂದೊಂದಾಗಿ ಮುಂದಿಡುತ್ತದೆ. ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟರೆ ತಾನೇ ಹುಡುಕಿ ತುಂಬುತ್ತದೆ. ಓದುತ್ತಾ ಓದುತ್ತಾ ಬಿಚ್ಚಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಅಕ್ಕಾ! ಬಿಚ್ಚೋ ಭಾಷೆ ಸಿಕ್ತು ಕಣೇ!” ಎಂದು ಧಡಧಡ ಮೆಟ್ಟಿಲಿಳಿದಳು. ಭಾವನ ಪೇಪರು ಮೂರು ಮೆಟ್ಟಿಲು ಕೆಳಕ್ಕೆ ಹಾರಿಹೋಯಿತು.

ಅಂದಿನಿಂದ ಅವಳಿಗೆ ಹಿಡಿದ ಹುಚ್ಚು ಒಂದೇ. ಹೆಣಿಗೆಗೂ ಬಟ್ಟೆಗೂ ಇರುವ ಸಂಬಂಧವನ್ನು ಆ ಭಾಷೆಯಲ್ಲಿ ಬರೆಯುವುದು. ಹೆಣಿಗೆಯ ಹೆಜ್ಜೆಗಳನ್ನು ಕೊಟ್ಟರೆ ಬಟ್ಟೆ ತೋರಿಸಬೇಕು, ಬಟ್ಟೆ ತೋರಿಸಿದರೆ ಹೆಜ್ಜೆಗಳನ್ನು ಹೇಳಬೇಕು. ವರ್ಷಗಟ್ಟಲೆ ಕೂತಳು. ಅಕ್ಕನನ್ನು ಕೂರಿಸಿಕೊಂಡು, ಈ ಕುಣಿಕೆ ಹೀಗೇಕೆ, ಆ ಕುಣಿಕೆ ಹಾಗೇಕೆ ಎಂದು ಪ್ರಾಣ ತಿಂದಳು. ಅಕ್ಕನಿಗೆ ಆ ಭಾಷೆಯ ತಲೆಬುಡ ಅರ್ಥವಾಗಲಿಲ್ಲ. ಆದರೂ ತಂಗಿ ಕೇಳುತ್ತಾಳಲ್ಲ ಎಂದು ಒಂದೊಂದನ್ನೂ ಹೆಣೆದು ತೋರಿಸಿದಳು.

ಅಕ್ಕನ ಕೈಯಲ್ಲಿ ಹತ್ತಾರು ವಿನ್ಯಾಸಗಳಿದ್ದರೂ ಜನ ಹುಡುಕಿಕೊಂಡು ಬರುತ್ತಿದ್ದದ್ದು ಒಂದಕ್ಕೆ, ಅಲೆಗೆ. ಎರಡು ಸಾಲು ನುಣುಪು, ಎರಡು ಸಾಲು ಉಬ್ಬು, ಮತ್ತೆ ಎರಡು ನುಣುಪು. ಇಷ್ಟೇ. ಆದರೆ ಅಕ್ಕನ ಹದದ ಕೈಯಲ್ಲಿ ಅದು ಬಟ್ಟೆಯ ಮೇಲೆ ಅಲೆ ಎದ್ದಂತೆ ಕೂರುತ್ತಿತ್ತು. ಎಳೆದರೆ ಹಿಗ್ಗಿ, ಬಿಟ್ಟರೆ ಮತ್ತೆ ಮುದುಡಿ, ಮಕ್ಕಳ ಮೈಗೆ ಬೆಚ್ಚಗೆ ಅಪ್ಪಿಕೊಳ್ಳುತ್ತಿತ್ತು. ಆಸ್ಪತ್ರೆಯಿಂದ ಹಸುಗೂಸನ್ನು ಎತ್ತಿಕೊಂಡು ಬರುವವರು ದಾರಿಯಲ್ಲೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, “ಅಲೆ ಸ್ವೆಟರ್ ಇದೆಯಾ?” ಎಂದು ಕೇಳುತ್ತಿದ್ದರು.

ಹೆಣಿಗೆಯಲ್ಲಿ ಮೂಲ ಹೊಲಿಗೆ ಎರಡೇ, ಸೀದಾ ಮತ್ತು ಉಲ್ಟಾ. ಸೀದಾ ಹಾಕಿದರೆ ನಿಮ್ಮ ಕಡೆ ನುಣುಪು, ಉಲ್ಟಾ ಹಾಕಿದರೆ ನಿಮ್ಮ ಕಡೆ ಉಬ್ಬು. ಒಂದು ಸಾಲು ಮುಗಿಸಿ ಬಟ್ಟೆ ತಿರುಗಿಸಿದಾಗ ಹಿಂಬದಿ ಮುಂದೆ ಬರುತ್ತದೆ, ಲೆಕ್ಕ ಅದಲುಬದಲಾಗುತ್ತದೆ. ಅಲೆಯ ನಾಲ್ಕು ಸಾಲಿನಲ್ಲಿ ಎರಡು ಸೀದಾ, ಎರಡು ಉಲ್ಟಾ. ಅಕ್ಕನ ಬಲಗೈಯ ಹೆಬ್ಬೆರಳು ಕೈಕೊಟ್ಟದ್ದು ಈ ಉಲ್ಟಾದಲ್ಲಿ. ಸೀದಾ ಹಾಕುವಾಗ ಬೆರಳು ಸುಮ್ಮನಿರುತ್ತದೆ. ಉಲ್ಟಾ ಹಾಕುವಾಗ ಹೆಬ್ಬೆರಳನ್ನು ಒಳಕ್ಕೆ ಮಡಚಿ ನೂಲನ್ನು ತಳ್ಳಬೇಕು. ಜೀವಮಾನವೆಲ್ಲ ತಳ್ಳಿ ತಳ್ಳಿ ಆ ಗೆಣ್ಣು ಸವೆದಿತ್ತು. ಒಂದು ಸಾಲು ಹಾಕುವಷ್ಟರಲ್ಲಿ ಅಕ್ಕ ಹಲ್ಲು ಕಚ್ಚುತ್ತಿದ್ದಳು. ಡಾಕ್ಟರು ಬೆರಳನ್ನು ಒತ್ತಿ ನೋಡಿ, “ಈ ತಿರುವು ಇನ್ನು ಬೇಡ ಅಮ್ಮಾ. ಹೀಗೇ ಮುಂದುವರಿಸಿದ್ರೆ ಲೋಟ ಹಿಡಿಯೋಕೂ ಆಗಲ್ಲ,” ಎಂದಿದ್ದರು.

ಬಿಚ್ಚಮ್ಮ ಆವತ್ತೇ ಮಹಡಿಗೆ ಓಡಿ ಪ್ರೋಗ್ರಾಮಿನ ಮುಂದೆ ಕೂತಳು. ಇಷ್ಟು ವರ್ಷ ಬರೆದದ್ದು ಈಗಲ್ಲದೆ ಇನ್ಯಾವಾಗ ಉಪಯೋಗಕ್ಕೆ ಬರಬೇಕು? ಅಲೆಯ ಬಟ್ಟೆ ಕೊಟ್ಟಳು. ಹೆಜ್ಜೆಗಳ ಜಾಗ ಖಾಲಿ ಬಿಟ್ಟಳು. ಜತೆಗೆ ಒಂದು ಷರತ್ತು ಹಾಕಿದಳು: ಹೆಜ್ಜೆಗಳಲ್ಲಿ ಎಲ್ಲೂ ಉಲ್ಟಾ ಇರಬಾರದು. ಪ್ರೋಗ್ರಾಂ ಒಂದು ಕ್ಷಣ ಯೋಚಿಸಿ ಉತ್ತರ ಕೊಟ್ಟಿತು. ಇಲ್ಲ.

ಮತ್ತೆ ಕೇಳಿದಳು. ಇಲ್ಲ. ಕೆಳಗಿಳಿದು ಬಂದು ಅಕ್ಕನ ಪಕ್ಕ ಕೂತಳು. ಅಕ್ಕ ಮುಖ ನೋಡಿಯೇ ತಿಳಿದುಕೊಂಡಳು. “ಮಷೀನೂ ಇಲ್ಲ ಅಂತಾ?” ಎಂದು ಕೇಳಿ, ತಂಗಿ ತಲೆಯಾಡಿಸಿದಾಗ, “ಹೋಗ್ಲಿ ಬಿಡು. ಎಲ್ಲ ಥರ ಹುಡುಕಿ ಇಲ್ಲ ಅಂದ ಮೇಲೆ ಇನ್ನೇನು ಮಾಡೋಕಾಗುತ್ತೆ,” ಎಂದಳು. ಮರುದಿನ ಅಂಗಡಿಯ ಕಿಟಕಿಯಲ್ಲಿ ರಟ್ಟಿನ ಬೋರ್ಡು ಬಂತು: ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಚಳಿಗಾಲ ಮುಗಿಯುತ್ತಿದ್ದಂತೆ ಅಂಗಡಿ ಮುಚ್ಚುವುದೆಂದು ಅಕ್ಕ ತೀರ್ಮಾನಿಸಿದಳು. ಭಾವ ಪೇಪರ್ ಓದುವುದನ್ನೂ ಬಿಟ್ಟು ಕಿಟಕಿಯನ್ನೇ ನೋಡುತ್ತಾ ಕೂರುತ್ತಿದ್ದ.

ವಿಚಿತ್ರ ನೋಡಿ, ಆ ‘ಇಲ್ಲ’ವೇ ಬಿಚ್ಚಮ್ಮನಿಗೆ ಬಾಗಿಲು ತೆರೆಯಿತು. ಸಂಬಂಧದ ಭಾಷೆ, ತರ್ಕದ ಭಾಷೆಗಳವರು ವರ್ಷಕ್ಕೊಮ್ಮೆ ಸೇರುವ ಕಾರ್ಯಾಗಾರ ಒಂದಿದೆ. ಅಲ್ಲಿಗೆ ಅವಳು ಪ್ರಬಂಧ ಕಳಿಸಿದ್ದಳು. ಬಟ್ಟೆಯಿಂದ ಹೆಜ್ಜೆ ಹುಡುಕುವುದು ಚೆನ್ನಾಗಿದೆ, ಆದರೆ ಅದಕ್ಕಿಂತ ಚೆನ್ನಾಗಿರುವುದು ಕೊನೆಯ ಭಾಗ ಎಂದು ಓದಿದವರು ಬರೆದಿದ್ದರು. ಒಂದು ಬಟ್ಟೆಯನ್ನು ಉಲ್ಟಾ ಇಲ್ಲದೆ ಹೆಣೆಯುವುದು ಅಸಾಧ್ಯ ಎಂದು ಪ್ರೋಗ್ರಾಮೇ ತೋರಿಸಿಕೊಡುತ್ತದೆಯಲ್ಲ, ಅದು! ಪ್ರಬಂಧ ಒಪ್ಪಿಗೆಯಾಯಿತು. ಬಿಚ್ಚಮ್ಮನಿಗೆ ಕುಣಿಯುವಷ್ಟು ಸಂತೋಷ, ಜತೆಗೇ ನಾಚಿಕೆ. ಅಕ್ಕನ ಅಂಗಡಿ ಮುಚ್ಚಿಸಿದ ಉತ್ತರಕ್ಕೆ ತನಗೆ ಚಪ್ಪಾಳೆ! ಒಪ್ಪಿಗೆಯ ಕಾಗದವನ್ನು ಮಡಚಿ ಬಚ್ಚಿಡಬೇಕೆಂದುಕೊಂಡಳು, ಆಗಲಿಲ್ಲ. ಅಕ್ಕನಿಗೆ ತೋರಿಸಿದಳು.

“ಹೋಗಿ ಬಾರೇ,” ಎಂದಳು ಅಕ್ಕ. ಆಮೇಲೆ, “ಇರು, ನಾನೂ ಬರ್ತೀನಿ. ನನ್ನ ಬಟ್ಟೆ ಬಗ್ಗೆ ಮಾತಾಡ್ತಾರೆ ಅಂದ್ರೆ ನಾನು ಬೇಡ್ವಾ?” ಎಂದಳು. ಕಡ್ಡಿ, ನೂಲಿನ ಉಂಡೆ, ಅಲೆಯ ಮಾದರಿಗಳೆಲ್ಲ ಕೈಚೀಲಕ್ಕೆ ಹೋದವು. ಕಡ್ಡಿ ಇಲ್ಲದೆ ಅಕ್ಕ ಪಕ್ಕದ ಬೀದಿಗೂ ಹೋದವಳಲ್ಲ.

ಕಾರ್ಯಾಗಾರ ನಡೆದದ್ದು ವಿಶ್ವವಿದ್ಯಾಲಯದ ಹಳೇ ಕಟ್ಟಡದ ಒಂದು ಉದ್ದನೆಯ ಕೋಣೆಯಲ್ಲಿ. ಗೋಡೆಯ ತುಂಬ ಬಿಳಿ ಬೋರ್ಡು, ಬೋರ್ಡಿನ ಕೆಳಗೆ ಒಣಗಿಹೋದ ಪೆನ್ನುಗಳು. ಕರೆಂಟಿನ ಪ್ಲಗ್ಗು ಕಡಿಮೆ, ಲ್ಯಾಪ್‌ಟಾಪು ಜಾಸ್ತಿ. ಹೀಗಾಗಿ ನೆಲದ ಮೇಲೆಲ್ಲ ವೈರು ಹರಡಿಕೊಂಡು ಒಬ್ಬರ ಕಾಲಿಗೆ ಇನ್ನೊಬ್ಬರದು ಸಿಕ್ಕಿಕೊಳ್ಳುತ್ತಿತ್ತು. ಹಿಂಬದಿಯ ಮೇಜಿನ ಮೇಲೆ ಚಹಾದ ದೊಡ್ಡ ಪಾತ್ರೆ, ಬಿಸ್ಕತ್ತಿನ ತಟ್ಟೆ. ಅಕ್ಕ ಒಳಗೆ ಬಂದವಳೇ ಸುತ್ತ ನೋಡಿ, “ಇಷ್ಟೇ ಜನಾನಾ? ನಮ್ಮ ಬೇಕರಿ ಮುಂದೆ ಇದಕ್ಕಿಂತ ಜಾಸ್ತಿ ನಿಂತಿರ್ತಾರೆ,” ಎಂದು ಪಿಸುಗುಟ್ಟಿದಳು.

“ಶ್! ಲೋಕದಲ್ಲಿ ಈ ಕೆಲಸ ಮಾಡೋರಲ್ಲಿ ಅರ್ಧ ಜನ ಇಲ್ಲೇ ಇದಾರೆ.”

“ಅಯ್ಯೋ ಪಾಪ,” ಎಂದಳು ಅಕ್ಕ.

ಜನ ಕಡಿಮೆಯಾದರೇನು, ಗಲಾಟೆಗೆ ಕಡಿಮೆ ಇರಲಿಲ್ಲ. ಅಲ್ಲಿ ಯಾರೂ ಬರೀ ಮಾತು ನಂಬಿ ಬಿಡುವವರಲ್ಲ. ಒಬ್ಬ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬ ಬೋರ್ಡಿಗೆ ಹಾರಿ, “ಹಾಗಾದ್ರೆ ಇದನ್ನ ಕೇಳಿ ನೋಡಿ!” ಎನ್ನುತ್ತಿದ್ದ. ಅದೇ ಆ ಕಾರ್ಯಾಗಾರದ ಪದ್ಧತಿ. ಮಾತಾಡಿದವರು ಕೊನೆಯಲ್ಲಿ ತಮ್ಮ ಪ್ರೋಗ್ರಾಮನ್ನು ಎಲ್ಲರೆದುರು ಓಡಿಸಬೇಕು. ಸಭೆಯವರು ಕೊಟ್ಟ ಪ್ರಶ್ನೆಯನ್ನು ಅದಕ್ಕೆ ಅಲ್ಲೇ ಕೇಳಲೇಬೇಕು, ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. “ನಮ್ಮ ಪ್ರೋಗ್ರಾಮುಗಳು ಮೂರು ಥರದ ಉತ್ತರ ಕೊಡ್ತವೆ,” ಎಂದು ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರೊಫೆಸರು ಬೆಳಿಗ್ಗೆಯೇ ಹೇಳಿದ್ದರು. “ಹೌದು, ಇಲ್ಲ, ಇನ್ನೂ ಹುಡುಕ್ತಾ ಇದೀನಿ. ಮೂರನೇದು ಬಂದ್ರೆ ಊಟಕ್ಕೆ ಹೋಗಿ ಬನ್ನಿ, ಬಂದಾಗಲೂ ಹುಡುಕ್ತಾ ಇರುತ್ತೆ.” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನಿಗೆ ನಗು ಬರಲಿಲ್ಲ. ಆದರೂ ಇಷ್ಟು ಚೆನ್ನಾಗಿ ನಗುವವರು ಕೆಟ್ಟವರಿರಲಾರರು ಎಂದುಕೊಂಡಳು.

ಬಿಚ್ಚಮ್ಮನ ಸರದಿ ಊಟಕ್ಕೆ ಮುಂಚೆ ಬಂತು. ಬರೆದುಕೊಂಡು ಬಂದ ಹಾಳೆಯನ್ನು ನೋಡುತ್ತಾ ಶುರುಮಾಡಿದಳು. ಆದರೆ ಅಲೆಯ ಬಟ್ಟೆಯನ್ನು ಎತ್ತಿ ಹಿಡಿದು, ಎಳೆದು ಬಿಟ್ಟು ತೋರಿಸಿದ ಕೂಡಲೇ ಹಾಳೆ ಮರೆತೇಹೋಯಿತು. ಮಾತು ಹೊಳೆಯಾಯಿತು. ಹೆಜ್ಜೆ ಕೊಟ್ಟಳು, ಪರದೆಯ ಮೇಲೆ ಬಟ್ಟೆ ಮೂಡಿತು. ಬಟ್ಟೆ ಕೊಟ್ಟಳು, ಹೆಜ್ಜೆ ಉದುರಿದವು. “ಅಬ್ಬಾ!” ಎಂದಿತು ಸಭೆ. ಕೆಲವರು ಎದ್ದು ಮುಂದೆ ಬಂದು ಬಟ್ಟೆ ಮುಟ್ಟಿ ನೋಡಿದರು. ಹಿಂದಿನ ಬೆಂಚಿನಲ್ಲಿ ಅಕ್ಕ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಅವಳ ಬಟ್ಟೆ, ಅವಳ ತಂಗಿ. ಹೆಮ್ಮೆಯಿಂದ ಕಿವಿ ಕೆಂಪಾಗಿತ್ತು.

“ಕೊನೆಯದಾಗಿ,” ಎಂದಳು ಬಿಚ್ಚಮ್ಮ. ದನಿ ಸ್ವಲ್ಪ ಕುಗ್ಗಿತು. “ಈ ಬಟ್ಟೆಯನ್ನು ಉಲ್ಟಾ ಇಲ್ಲದೆ ಹೆಣೆಯಬಹುದಾ?” ಕೀಲಿ ಒತ್ತಿದಳು. ಪರದೆಯ ಮೇಲೆ ಬಂತು: ಇಲ್ಲ. “ಎಲ್ಲಾ ದಾರಿ ಹುಡುಕಿ ಇಲ್ಲ ಅಂತ ಹೇಳಿದೆ. ಹಾಗಾಗಿ ಅಸಾಧ್ಯ.”

ಚಪ್ಪಾಳೆ ಬಿತ್ತು. ಅಕ್ಕ ಚಪ್ಪಾಳೆ ತಟ್ಟಲಿಲ್ಲ, ಮಡಿಲಲ್ಲಿದ್ದ ಕೈ ನೋಡಿಕೊಂಡಳು. ತಂಗಿಯ ಕಣ್ಣಿಗೆ ಅದು ಬಿತ್ತು. ಬೀಳದೇ ಇದ್ದಿದ್ದರೆ ಚೆನ್ನಾಗಿತ್ತು.

ಆಗ ಎರಡನೆಯ ಸಾಲಿನಿಂದ ಉದ್ದ ಗಡ್ಡದ ಸಂಶೋಧಕರೊಬ್ಬರು ಕೈಯೆತ್ತಿದರು. ಬೆಳಿಗ್ಗೆಯಿಂದ ಅವರು ಒಂದೂ ಮಾತಾಡಿರಲಿಲ್ಲ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾ ಕೇಳುತ್ತಿದ್ದರು. “ಮೇಡಂ, ತುಂಬ ಚೆನ್ನಾಗಿತ್ತು. ಒಂದೇ ಅನುಮಾನ. ನಿಮ್ಮ ಇಲ್ಲ ಎಂಥಾ ಇಲ್ಲ? ಲೋಕದಲ್ಲೇ ಇಲ್ಲ ಅಂತಾನಾ, ಇಲ್ಲಾ ನೀವು ಹೇಳಿಕೊಟ್ಟಿರೋ ನಿಯಮಗಳೊಳಗೆ ಇಲ್ಲ ಅಂತಾನಾ?”

ಬಿಚ್ಚಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

ಇದನ್ನು ಅವಳೇ ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳುತ್ತಿದ್ದಳು! ತರ್ಕದ ಭಾಷೆಗೆ ಗೊತ್ತಿರುವುದು ನಾವು ಹೇಳಿದ್ದು ಮಾತ್ರ. ಅದರಲ್ಲಿ ಸಿಗದಿದ್ದರೆ ಇಲ್ಲ ಎನ್ನುತ್ತದೆ. ಅದು ಲೋಕದ ಇಲ್ಲ ಅಲ್ಲ, ನಮ್ಮ ಇಲ್ಲ. ಹುಡುಗರು ಈ ತಪ್ಪು ಮಾಡಿದಾಗ ಸೀಮೆಸುಣ್ಣ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಈಗ ತಾನೇ ಮಾಡಿ ಕೂತಿದ್ದಾಳೆ. ಅದೂ ಎಲ್ಲಿ? ಅಕ್ಕನ ಕೈಯ ವಿಷಯದಲ್ಲಿ.

“ನಾನು...” ಎಂದಳು. ಪರದೆಯ ಕಡೆ ತಿರುಗಿ ತನ್ನದೇ ನಿಯಮಗಳನ್ನು ಮೇಲಿಂದ ಓದತೊಡಗಿದಳು. ಹಿರಿಯ ಪ್ರೊಫೆಸರು ಸಮಯ ಮುಗಿಯಿತೆಂದು ಚಮಚದಿಂದ ಲೋಟ ತಟ್ಟಿದರು. ಅವಳಿಗೆ ಕೇಳಿಸಲೇ ಇಲ್ಲ. ಸೀದಾ ಎಂದರೆ ಏನು, ಸರಿ. ಉಲ್ಟಾ ಎಂದರೆ ಏನು, ಸರಿ. ಸಾಲು ಮುಗಿದ ಮೇಲೆ...

“ಸಾಲು ಮುಗಿದ ಮೇಲೆ ಬಟ್ಟೆ ತಿರುಗಿಸು,” ಎಂದು ಗಟ್ಟಿಯಾಗಿ ಓದಿದಳು.

“ತಿರುಗಿಸಲೇಬೇಕಾ?” ಎಂದರು ಗಡ್ಡದವರು.

“ಎಲ್ಲರೂ ತಿರುಗಿಸ್ತಾರೆ.”

“ಎಲ್ಲರೂ ತಿರುಗಿಸ್ತಾರೆ, ಸರಿ. ತಿರುಗಿಸಲೇಬೇಕಾ?”

ಬಿಚ್ಚಮ್ಮ ಅಕ್ಕನ ಕಡ್ಡಿಗಳನ್ನು ನೆನೆಸಿಕೊಂಡಳು. ಕಡ್ಡಿಯ ಒಂದು ತುದಿಗೆ ಗುಂಡಿ ಇರುತ್ತದೆ, ಕುಣಿಕೆ ಜಾರದಿರಲೆಂದು. ಹಾಗಾಗಿ ತಿರುಗಿಸದೆ ಗತಿಯಿಲ್ಲ. ಆದರೆ ಟೋಪಿ ಹೆಣೆಯುವ ಕಡ್ಡಿಗೆ ಗುಂಡಿಯೇ ಇಲ್ಲ, ಎರಡೂ ತುದಿ ಚೂಪು! ಅದರಲ್ಲಿ ಬಟ್ಟೆ ತಿರುಗಿಸದೆ ಕುಣಿಕೆಗಳನ್ನೆಲ್ಲ ಈ ತುದಿಯಿಂದ ಆ ತುದಿಗೆ ಜಾರಿಸಿ, ಅದೇ ಮುಖದ ಮೇಲೆ ಮತ್ತೊಂದು ಸಾಲು ಹಾಕಬಹುದಲ್ಲ! ತಿರುಗಿಸುವುದು ಒಂದು ದಾರಿ ಮಾತ್ರ. ತಾನು ಅದನ್ನು ಕಟ್ಟಳೆ ಮಾಡಿ ಬರೆದುಬಿಟ್ಟಿದ್ದಾಳೆ. “ತಪ್ಪು ಬರೆದಿದೀನಿ!” ಎಂದು ಕಿರುಚಿದಳು. ಇಷ್ಟು ಖುಷಿಯಾಗಿ ತನ್ನ ತಪ್ಪನ್ನು ಒಪ್ಪಿಕೊಂಡವರನ್ನು ಆ ಕೋಣೆ ನೋಡಿರಲಿಲ್ಲ.

ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಸಾಲು ಮುಗಿದ ಮೇಲೆ ಬಟ್ಟೆ ತಿರುಗಿಸು, ಇಲ್ಲವೇ ತಿರುಗಿಸದೆ ಕುಣಿಕೆಗಳನ್ನು ಇನ್ನೊಂದು ತುದಿಗೆ ಜಾರಿಸು. ಎಲ್ಲರೂ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಯಾರದೋ ವೈರು ಕಿತ್ತುಬಂತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೀಲಿ ಒತ್ತಿದಳು.

ಇಲ್ಲ.

“ಛೇ!” ಎಂದಿತು ಇಡೀ ಕೋಣೆ. ಹಿಂದಿನಿಂದ ಅಕ್ಕನ ದನಿ ಬಂತು. “ಏನಾಯ್ತೇ? ಏನು ನಡೀತಿದೆ ಅಲ್ಲಿ?”

“ಇರು ಅಕ್ಕಾ, ಇರು ಇರು ಇರು!” ಬಿಚ್ಚಮ್ಮ ಹಣೆಗೆ ಕೈ ಹಚ್ಚಿದಳು. ಯಾಕೆ ಇಲ್ಲ? ಸೀದಾ ಒಂದು ಸಾಲು ಹಾಕಿದೆ. ಕುಣಿಕೆ ಜಾರಿಸಿದೆ. ಈಗ ಸಾಲು ಶುರುವಾಗಬೇಕಾದದ್ದು ಬಲತುದಿಯಲ್ಲಿ. ನೂಲು ಎಲ್ಲಿದೆ? ಎಡತುದಿಯಲ್ಲಿ ನೇತಾಡುತ್ತಿದೆ! ನೂಲಿಲ್ಲದೆ ಹೆಣೆಯುವುದಾದರೂ ಹೇಗೆ? ಮತ್ತೆ ನಿಯಮಗಳನ್ನು ಓದಿದಳು. ಮೊದಲನೇ ಸಾಲಿನಲ್ಲೇ, ಎಂದೋ ಯೋಚನೆಯೇ ಇಲ್ಲದೆ ಬರೆದದ್ದು, ಕಣ್ಣಿಗೆ ಹೊಡೆಯಿತು. ಉಂಡೆ: ಒಂದು.

“ಉಂಡೆ ಒಂದೇ ಅಂತ ಯಾರು ಹೇಳಿದ್ದು ನಂಗೆ?” ಎಂದಳು. ಆ ಒಂದನ್ನು ಅಳಿಸಿದಳು. ಎರಡು ಎಂದು ಬರೆಯಲು ಹೋದ ಬೆರಳು ತಡೆಯಿತು. ಎರಡೋ, ಮೂರೋ, ನನಗೇನು ಗೊತ್ತು? ಇಷ್ಟು ಹೊತ್ತು ನನಗೆ ಗೊತ್ತಿದೆ ಅಂದುಕೊಂಡದ್ದೇ ಕುತ್ತಾಯಿತಲ್ಲ. ಖಾಲಿ ಬಿಟ್ಟಳು.

“ಮೇಡಂ,” ಎಂದರು ಗಡ್ಡದವರು ಮೆಲ್ಲಗೆ, “ಖಾಲಿ ಬಿಟ್ರೆ ಒಂದುಂಡೆ, ಎರಡುಂಡೆ, ನೂರುಂಡೆ ಅಂತ ಹುಡುಕ್ತಾನೇ ಇರಬಹುದು. ಮುಗಿಯೋದೇ ಇಲ್ಲ.”

“ಹುಡುಕಲಿ ಬಿಡಿ ಸಾರ್. ನಾನು ಹುಡುಕಬೇಡ ಅಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು.”

ಕೀಲಿ ಒತ್ತಿದಳು. ಪರದೆಯ ಮೇಲೆ ಪುಟ್ಟ ಗೆರೆಯೊಂದು ಮಿಣುಕುತ್ತಾ ನಿಂತಿತು. ಇಲ್ಲ ಎನ್ನಲಿಲ್ಲ. ಹೌದು ಎನ್ನಲೂ ಇಲ್ಲ. ಲ್ಯಾಪ್‌ಟಾಪಿನ ಫ್ಯಾನು ಗುಂಯ್ಗುಟ್ಟತೊಡಗಿತು. ಹೊರಗೆ ಊಟದ ಗಾಡಿ ಬಂದ ಸದ್ದಾಯಿತು, ಒಬ್ಬರೂ ಏಳಲಿಲ್ಲ. ಹಿರಿಯ ಪ್ರೊಫೆಸರು ಚಮಚವನ್ನು ಗಾಳಿಯಲ್ಲೇ ಹಿಡಿದು ಮರೆತಿದ್ದರು. ಬರಲಿ, ಬರಲಿ, ದೇವರೇ ಬರಲಿ ಎಂದು ಬಿಚ್ಚಮ್ಮ ಮನಸ್ಸಿನೊಳಗೇ ಹಲುಬಿದಳು. ಪ್ರಬಂಧದ ಜೀವಾಳ ಅನ್ನಿಸಿಕೊಂಡ ಭಾಗವೇ ನೆಲಕಚ್ಚುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ನೆಲಕಚ್ಚಲಿ! ಸುಳ್ಳಾಗಲಿ! ಲೋಕದಲ್ಲಿ ಇಷ್ಟು ತೀವ್ರವಾಗಿ ತನ್ನದೇ ಮಾತು ಸುಳ್ಳಾಗಲೆಂದು ಬೇಡಿಕೊಂಡವರು ಉಂಟೇ?

ಗೆರೆ ಮಿಣುಕುವುದು ನಿಂತಿತು. ಪರದೆಯ ಮೇಲೆ ಸಾಲುಗಳು ಉದುರಿದವು.

ಉಂಡೆ ಎರಡು. ಮೊದಲನೇ ಉಂಡೆಯಿಂದ ಒಂದು ಸಾಲು ಸೀದಾ. ಜಾರಿಸು. ಎರಡನೇ ಉಂಡೆಯಿಂದ ಒಂದು ಸಾಲು ಸೀದಾ. ತಿರುಗಿಸು. ಮೊದಲನೇ ಉಂಡೆ, ಸೀದಾ. ಜಾರಿಸು. ಎರಡನೇ ಉಂಡೆ, ಸೀದಾ. ತಿರುಗಿಸು. ಮತ್ತೆ ಮೊದಲಿನಿಂದ.

ಎಲ್ಲವೂ ಸೀದಾ. ಉಲ್ಟಾ ಎಂಬುದು ಒಂದೂ ಇಲ್ಲ.

ಕೋಣೆಯಲ್ಲಿ ಎದ್ದ ಗದ್ದಲ ಕೇಳಬೇಕಿತ್ತು! ಗಡ್ಡದವರು ಬೆಂಚಿನ ಮೇಲೇ ಹತ್ತಿ ನಿಂತು ಕೈ ಬಡಿದರು. ಒಬ್ಬರು ಬೋರ್ಡಿಗೆ ಓಡಿ ನಾಲ್ಕು ಸಾಲಿನ ಚಿತ್ರ ಬಿಡಿಸಿ, “ನೂಲು ಎರಡೂ ಈ ಕಡೆ ಬಂತು, ಈಗ ಎರಡೂ ಆ ಕಡೆ ಹೋಯ್ತು, ಸರಿಯಾಗಿದೆ ರೀ!” ಎಂದು ಎಲ್ಲರಿಗೂ ತೋರಿಸಿದರು. ಬಿಚ್ಚಮ್ಮ ಯಾರ ಮಾತಿಗೂ ನಿಲ್ಲಲಿಲ್ಲ. ವೈರುಗಳನ್ನು ದಾಟಿ, ಒಂದು ಕುರ್ಚಿ ಕೆಡವಿ, ಹಿಂದಿನ ಬೆಂಚಿಗೆ ಓಡಿದಳು.

“ಅಕ್ಕಾ, ಟೋಪಿ ಕಡ್ಡಿ ತಂದಿದೀಯಾ? ಎರಡೂ ಕಡೆ ಚೂಪಿರೋದು?”

“ಇದೆ. ಯಾಕೆ?”

“ತೆಗಿ! ಒಂದೇ ಬಣ್ಣದ ಎರಡು ಉಂಡೆ ತೆಗಿ. ನಾನು ಹೇಳಿದ ಹಾಗೆ ಹಾಕು. ಕೇಳಬೇಡ, ಹಾಕು.”

ಅಕ್ಕ ತಂಗಿಯ ಮುಖ ನೋಡಿದಳು, ಸುತ್ತ ನೆರೆದ ವಿದ್ವಾಂಸರನ್ನು ನೋಡಿದಳು. ಕೈಚೀಲ ತೆರೆದಳು. ಮೊದಲ ಸಾಲು ಹಾಕಿದಳು. “ಜಾರಿಸು,” ಎಂದಳು ತಂಗಿ. ಅಕ್ಕನ ಹುಬ್ಬು ಗಂಟಿಕ್ಕಿತು. “ತಿರುಗಿಸ್ದೇನಾ?” “ತಿರುಗಿಸಬೇಡ. ಈಗ ಈ ಕಡೆಯಿಂದ ಎರಡನೇ ಉಂಡೆ.” ಅಕ್ಕ ಹಾಕಿದಳು. ತಿರುಗಿಸಿದಳು. ಮತ್ತೆ ಸೀದಾ, ಜಾರಿಸು, ಸೀದಾ. ಮೊದಲ ನಾಲ್ಕು ಸಾಲಿಗೆ ಬಟ್ಟೆ ಏನೆಂದು ಗೊತ್ತಾಗುವುದಿಲ್ಲ, ಹೆಣೆಯುವವರನ್ನು ಕೇಳಿ. ಎಂಟು ಸಾಲಾಯಿತು. ಮೊದಲನೇ ಉಬ್ಬು ತಲೆಯೆತ್ತಿತು. ಇನ್ನಷ್ಟು ಸಾಲು ಬೀಳುತ್ತಿದ್ದಂತೆ ಎರಡನೆಯದೂ ಎದ್ದಿತು. ಕಡ್ಡಿಯ ಕೆಳಗೆ ಬಟ್ಟೆ ಮುದುಡಿಕೊಂಡು, ಎಳೆದರೆ ಹಿಗ್ಗಿ, ಬಿಟ್ಟರೆ ಮತ್ತೆ ಮುದುಡಿತು.

ಅಕ್ಕ ಹಳೇ ಮಾದರಿಯನ್ನು ಪಕ್ಕದಲ್ಲಿಟ್ಟು ನೋಡಿದಳು. ಮುಂದೆ ನೋಡಿದಳು, ಹಿಂದೆ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. “ಅಂಚಲ್ಲಿ ನೂಲು ಸ್ವಲ್ಪ ಕಾಣುತ್ತೆ,” ಎಂದಳು ಬಿಗುವಾಗಿ. “ಹೊಲಿಗೆ ಒಳಗೆ ಸೇರಿಸಿದ್ರೆ ಮುಚ್ಚಿಹೋಗುತ್ತೆ ಅನ್ನು.” ಮತ್ತೆ ಹೆಣೆಯತೊಡಗಿದಳು. ಈಗ ತಂಗಿ ಹೇಳಬೇಕಾಗಿರಲಿಲ್ಲ, ಕೈಗೆ ಲಯ ಸಿಕ್ಕಿತ್ತು. ಬಿಚ್ಚಮ್ಮ ಬಟ್ಟೆಯನ್ನು ನೋಡುತ್ತಿರಲಿಲ್ಲ. ಅಕ್ಕನ ಹೆಬ್ಬೆರಳನ್ನು ನೋಡುತ್ತಿದ್ದಳು. ಅದು ಕಡ್ಡಿಯ ಪಕ್ಕಕ್ಕೆ ಒರಗಿಕೊಂಡು, ಯಾವ ಕೆಲಸವೂ ಇಲ್ಲದೆ ಸುಮ್ಮನಿತ್ತು. ಅಕ್ಕ ಹಲ್ಲು ಕಚ್ಚಿರಲಿಲ್ಲ.

ಸಾಲಿನ ನಡುವೆಯೇ ಅಕ್ಕ ಕೈ ನಿಲ್ಲಿಸಿದಳು. ತಲೆಯೆತ್ತಿ ಎಲ್ಲರನ್ನೂ ನೋಡಿ, ಯಾರೂ ಕೇಳದಿದ್ದರೂ ಹೇಳಿದಳು. “ನಾನು ಅಂಗಡಿ ಮುಚ್ಚಲ್ಲ.”

ಯಾವ ಅಂಗಡಿ, ಯಾಕೆ ಮುಚ್ಚಬೇಕಿತ್ತು ಎಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿರಿಯ ಪ್ರೊಫೆಸರು ಬಿಚ್ಚಮ್ಮನ ಕಡೆ ಬಾಗಿ, “ಮೇಡಂ, ನಿಮ್ಮ ಪ್ರಬಂಧದ ಕೊನೇ ಭಾಗ ಈಗ ತಪ್ಪಾಯ್ತಲ್ಲ, ಏನ್ಮಾಡೋಣ?” ಎಂದರು. ಬಿಚ್ಚಮ್ಮನ ಬಾಯಿ ನಗುತ್ತಿತ್ತು, ಕಣ್ಣು ತುಂಬಿ ತುಳುಕುತ್ತಿತ್ತು. ಇಷ್ಟು ದಿನ ಅಕ್ಕನ ಎದುರು ಹೇಳಲಾಗದ್ದೆಲ್ಲ ಒಮ್ಮೆಲೇ ನುಗ್ಗಿ ಬಂತು. “ಅಕ್ಕಾ, ನಾನು ಸರಿಯಾಗಿ ಕೇಳದೇನೇ ನಿನ್ನ ಕೈ ಕಟ್ಟಿ ಹಾಕಿಬಿಟ್ಟಿದ್ದೆ ಕಣೇ...”

“ಅಳೋದೆಲ್ಲ ಆಮೇಲೆ,” ಎಂದಳು ಅಕ್ಕ. ಅವಳ ದನಿಯೂ ನೆಟ್ಟಗಿರಲಿಲ್ಲ. “ಎರಡನೇ ಉಂಡೆ ಬೆಂಚಿನ ಕೆಳಗೆ ಉರುಳಿಹೋಯ್ತು. ಎತ್ತಿ ಕೊಡು. ನೂಲಿಲ್ಲದೆ ನಿಂತಿದೀನಿ.”

ಬಿಚ್ಚಮ್ಮ ಮೊಣಕಾಲೂರಿ ಬೆಂಚಿನ ಕೆಳಗೆ ತೂರಿದಳು. ವೈರುಗಳ ನಡುವೆ, ವಿದ್ವಾಂಸರ ಬೂಟುಗಳ ನಡುವೆ ಕೈಯಾಡಿಸಿ ಉಂಡೆಯನ್ನು ಹಿಡಿದಳು. ಮೇಲಿನಿಂದ ಕಡ್ಡಿಗಳ ಟಕಟಕ ಆಗಲೇ ಶುರುವಾಗಿತ್ತು, ಉಂಡೆ ಅವಳ ಕೈಯೊಳಗೇ ತಿರುಗುತ್ತಿತ್ತು. ಹೊರಗೆ ಬರಲು ಅವಳಿಗೆ ಮನಸ್ಸಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಉಂಡೆಯಿಂದ ಅಕ್ಕನಿಗೆ ನೂಲು ಬಿಡುತ್ತಾ, ಮನಸಾರೆ ಅತ್ತಳು.